ಚಿವುಟಿದ ತುದಿ

೪ ಅಕ್ಟೋಬರ್ ೧೯೯೩, ಸೋಮವಾರ

ಇಂದಿನ ಇಪ್ಪತ್ತು ಬದನೆ ಗಿಡ ಮುಗಿಯಿತು. ಮೇಲಿನಿಂದ ಮೂರನೆಯ ಎಲೆ. ನಡುವೆ ಬಿಲ್ಲೆ ಕೊರೆ, ಹತ್ತು ಎಣಿಸುವುದರೊಳಗೆ ದ್ರವ ಸಾರಜನಕಕ್ಕೆ ಹಾಕು. ತಡವಾದರೆ ನಾವು ಕೊರೆದ ಗಾಯವೂ ಅಳತೆಯಲ್ಲಿ ಸೇರಿಬಿಡುತ್ತದೆ. ಸಾರಜನಕ ಬರುವುದು ದನದ ದವಾಖಾನೆಯಿಂದ. ಅಲ್ಲಿ ನನ್ನ ಮಾತು ನಡೆಯುತ್ತದೆ. ಮಾತು ಬರದಿದ್ದರೆ ಇವತ್ತಿಗೂ ವಾಸ್ಕೋ ಬಂದರಿನಲ್ಲಿ ಚೀಲ ಹೊರುತ್ತಿದ್ದೆ. ಗಿಡ ಬೆಳೆಸುವ ಈ ಬಲೆಮನೆಯ ಪಾಯ ತೋಡಲು ಬಂದವನು... ಈಗ ಲ್ಯಾಬಿನ ಮಷಿನ್ ನಡೆಸುತ್ತೇನೆ. ಟೆಂಪರರಿ. ಪರ್ಮನೆಂಟ್ ಕಾಗದ ಲ್ಯಾಬಿನ ಮುಖ್ಯಸ್ಥೆ ಖುರ್ಷಿದಾಬೇಗಂ ಮೇಡಂ ಮೇಜಿನ ಮೇಲಿದೆ. ಈ ಕೆಲಸ ನೆಟ್ಟಗೆ ಮುಗಿದರೆ ಸಹಿ.

ಕೆಲಸ ಇಷ್ಟೇ. ಹುಳು ಕಡಿದರೆ ಎಲೆಯೊಳಗೆ ಜಾಸ್ಮೊನಿಕ್ ಆಮ್ಲ ಏರುತ್ತದೆ—ಅದು ಗಿಡದ ಬೊಬ್ಬೆ. ದಿನಕ್ಕೆ ಹೊಸ ಇಪ್ಪತ್ತು ಗಿಡ: ಹತ್ತಕ್ಕೆ ಹುಳು ಬಿಡುತ್ತೇವೆ, ಹತ್ತಕ್ಕೆ ಇಲ್ಲ. ಎರಡರ ಬೊಬ್ಬೆ ಅಳೆಯಬೇಕು.

ನೀರು ಹಾಕುವವಳು ಚಂದವ್ವ. ವಾಸ್ಕೋದ ಬಾಯ್ನಾ ಕೇರಿಯಲ್ಲಿ ನನ್ನ ಪಕ್ಕದ ಮನೆ. ಇಲ್ಲಿಗೆ ಸೇರಿಸಿದ್ದು ನಾನೇ. ಹುಳು ಬಿಟ್ಟ, ಬಿಡದ ಕುಂಡಗಳನ್ನು ಬೇಕೆಂದೇ ಬೆರೆಸಿ ಇಟ್ಟಿದ್ದೇವೆ, ಚೀಟಿ ಓದಲು ಅವಳಿಗೆ ಬಾರದು. ಒಂದೇ ಗಿಡಕ್ಕೆ ಎರಡು ಸಲ ಸುರಿದು ಬೇರು ಕೊಳೆಸಿದ್ದಳು. ಹೋದ ತಿಂಗಳು ಉಪಾಯ ಹೇಳಿಕೊಟ್ಟೆ: ನೀರಾದ ಗಿಡದ ಮೂರನೆಯ ಎಲೆಯ ತುದಿ ಚಿವುಟು. ಹೇಗೂ ನಾವು ಕೊರೆದು ಹಾಳು ಮಾಡುವ ಎಲೆ. ತುದಿ ನಮಗೆ ಬೇಡ. ಅಂದಿನಿಂದ ಒಂದು ಬೇರೂ ಕೊಳೆತಿಲ್ಲ. ಓದಿದವರಿಗೆ ಹೊಳೆಯದ್ದು!

೭ ಅಕ್ಟೋಬರ್, ಗುರುವಾರ

ಲೆಕ್ಕ ಬಂತು. ಹುಳು ಕಡಿದ ಗಿಡ—ಗ್ರಾಂ ಎಲೆಗೆ ನೂರೆಪ್ಪತ್ತು ನ್ಯಾನೊಗ್ರಾಂ. ಸರಿ. ಹುಳು ಮುಟ್ಟದ ಗಿಡ ಇಪ್ಪತ್ತು ದಾಟಬಾರದು. ಬಂದದ್ದು ನೂರೈವತ್ತು.

"ಹೇಮಲಪ್ಪ, ಹುಳಾನ ಇಲ್ಲದ ಗಿಡ ಯಾಕ ಒದರಾಕತ್ತೈತಿ?"

"ಬಾಜೂ ಮನಿ ಜಗಳ ಕೇಳಿ ಅದಕ್ಕೂ ತಲಿ ಕೆಟ್ಟಿರಬೇಕ್ರಿ ಮೇಡಂ."

ಮೇಡಂ ನಗಲಿಲ್ಲ. "ಇಪ್ಪತ್ತನೇ ತಾರೀಖಿಗೆ ಕೆಲಸ ನೋಡಾಕ ಕಮಿಟಿ ಬರತೈತಿ. ಅವರಿಗೂ ಇದನ್ನ ಹೇಳ್ತೀಯೇನು?"

೧೩ ಅಕ್ಟೋಬರ್, ಬುಧವಾರ

ಬಾಟಲಿ ತೊಳೆದೆವು. ಮಷಿನ್ ಬಿಚ್ಚಿ ಕೂಡಿಸಿದೆವು. ಹುಳು ಮುಟ್ಟದ ಗಿಡ ಶುಕ್ರವಾರ ನೂರರವತ್ತು, ಶನಿವಾರ ನೂರೈವತ್ತೆರಡು. ಸೋಮವಾರ, ಮಂಗಳವಾರ ಮಾತ್ರ—ಹದಿನೆಂಟು, ಹದಿನಾರು.

ಮೇಡಂ ಹಾಜರಿ ಪುಸ್ತಕ ತರಿಸಿದರು. ಆ ಎರಡು ದಿನ ಚಂದವ್ವ ಫಾತೋರ್ಡಾದಲ್ಲಿ, ತಂಗಿಯ ಬಾಣಂತನಕ್ಕೆ.

"ಆಕಿ ಇಲ್ಲದಾಗ ಅಷ್ಟ ಸರಿ ಬಂದೈತಿ. ಆಕಿ ಸೀರಿ ಸೆರಗಿಗೆ ಹತ್ತಿ ಗಿಡದಿಂದ ಗಿಡಕ್ಕ ಹುಳ ದಾಟಾಕತ್ತಾವ. ಸೋಮವಾರದಿಂದ ಬ್ಯಾಡ ಅಂತ ಹೇಳು."

"ಆತ್ರಿ," ಅಂದೆ.

ಆ ಎರಡು ದಿನ ನೀರು ಹಾಕಿದವನು ನಾನು. ನನಗೆ ಚೀಟಿ ಓದಲು ಬರುತ್ತದೆ. ನಾನು ಚಿವುಟಲಿಲ್ಲ.

ರಾತ್ರಿ ಗಂಟೆಗಳನ್ನು ಜೋಡಿಸಿ ನೋಡಿದೆ. ಎಂಟೂವರೆಗೆ ಅವಳು ಚಿವುಟುತ್ತಾಳೆ, ಒಂಬತ್ತೂವರೆಗೆ ನಾನು ಅದೇ ಎಲೆ ಕೊರೆಯುತ್ತೇನೆ. ಹುಳುವಿನ ಹಲ್ಲಾದರೇನು, ಉಗುರಾದರೇನು, ಗಿಡಕ್ಕೆ ಎರಡೂ ಗಾಯವೇ...

೧೬ ಅಕ್ಟೋಬರ್, ಶನಿವಾರ

ಖಾತ್ರಿ ಮಾಡಿಕೊಂಡೆ. ಹಿತ್ತಲಿನಲ್ಲಿ ಉಳಿದಿದ್ದ, ಹುಳು ಕಾಣದ ಆರು ಗಿಡ. ಮೂರನ್ನು ಚಿವುಟಿದೆ, ಮೂರನ್ನು ಬಿಟ್ಟೆ. ಒಂದು ಗಂಟೆ ಬಿಟ್ಟು ಕೊರೆದೆ. ಮಷಿನ್ನಿನ ಕಾಗದ: ಬಿಟ್ಟವು ಹತ್ತೊಂಬತ್ತು, ಹದಿನೇಳು, ಹದಿನೆಂಟು. ಚಿವುಟಿದವು ಮೂರೂ ನೂರೈವತ್ತರ ಮೇಲೆ.

ಮೇಡಂ ಬಂದರು. ಕಾಗದ ಜೇಬಿಗೆ ಸೇರಿತು—ನಾನು ಯೋಚಿಸುವ ಮೊದಲೇ ಕೈ ಅದನ್ನು ಮಡಚಿತ್ತು.

"ಏನು ಓಡಿಸಾಕತ್ತಿದ್ದಿ?"

"ಖಾಲಿ ಓಡಿಸಿ ನೋಡಿದೆರಿ. ಮಷಿನ್ ಚಲೋ ಐತ್ರಿ."

"ಕಮಿಟಿ ಹೋಗಲಿ, ನಿನ್ನ ಕಾಗದಕ್ಕ ಸಹಿ ಹಾಕತೇನಿ. ನೀ ಒಬ್ಬಾವ ನಂಬಿಗಸ್ತ ಅದಿ."

ಬೈದಿದ್ದರೆ ಚೆನ್ನಾಗಿತ್ತು.

೧೮ ಅಕ್ಟೋಬರ್, ಸೋಮವಾರ. ಬೆಳಿಗ್ಗೆ ೮

ಇಂದಿನಿಂದ ಬೇಡವಂತೆ ಎಂದು ಚಂದವ್ವನಿಗೆ ಗೇಟಿನಲ್ಲೇ ಹೇಳಿದೆ. ಕೊಡ ಕೆಳಗಿಟ್ಟಳು.

"ನಾ ಹುಳ ಮುಟ್ಟಿಲ್ಲಣ್ಣಾ. ನನ್ನ ಕೂಸಿನ ಆಣಿ."

"ಗೊತ್ತು."

"ಗೊತ್ತಿದ್ರ ಮತ್ತ ಹೇಳಬೇಕಿಲ್ಲ? ಊರಿಗೆಲ್ಲ ಮಾತು ಮಾರಾಂವ ನೀ."

ಅವಳೇ ಹತ್ತಿರ ಬಂದು ದನಿ ಇಳಿಸಿದಳು. "ಗಿಡದ ಗುರುತು ಹೆಂಗ ಹಿಡೀತಿ ಅಂತ ಮೇಡಂ ಮೊನ್ನೆ ಕೇಳಿದ್ರು. ಕಣ್ಣಂದಾಜು ಅಂದೆ. ನಿನ್ನ ಹೆಸರು ತಗೀಲಿಲ್ಲ. ಅದರಾಗ ಏನರ ತಪ್ಪಿದ್ರ ನಿನ್ನ ಕಾಗದದ ಸಹಿ ನಿಲ್ಲಬಾರದಲ್ಲ?"

ಸೆರಗು ಕೊಡವಿದಳು, ಹುಳು ಇದೆಯೇನೋ ಎಂಬಂತೆ. ಹೋದಳು.

೮.೨೦

ವಾಸ್ಕೋ ಬಸ್ಸಿಗೆ ನಿಂತಿದ್ದಾಳೆ. ಕಿಟಕಿಯಿಂದ ಕಾಣುತ್ತಾಳೆ. ಬಸ್ಸು ಎಂಟೂವರೆಗೆ. ಮೇಡಂ ಬಾಗಿಲು ತೆರೆದಿದೆ. ಜೇಬಿನ ಕಾಗದ ಮಡಿಕೆಯಲ್ಲಿ ಹರಿಯತೊಡಗಿದೆ. ಇಷ್ಟು ವರ್ಷ ಬಾಯಿಯಿಂದ ಬದುಕಿದವನಿಗೆ ಮೊದಲ ವಾಕ್ಯ ಸಿಗುತ್ತಿಲ್ಲ. ಬರೆದುಕೊಂಡೇ ಹೋಗುತ್ತೇನೆ, ಒಳಗೆ ಹೋಗಿ ಮಾತು ತಿರುಚಬಾರದು—

ಮೇಡಂ, ಎಲಿ ಚಿವುಟು ಅಂತ ಆಕಿಗೆ ಹೇಳಿದಾಂವ