ಈ ಕೆಲಸಕ್ಕೆ ಇಬ್ಬರು ಬೇಕು

ಮಂಗಳವಾರ, ಆಫೀಸಿನ ಊಟದ ಬಿಡುವು

ಪ್ರೀತಿಯ ಅಕ್ಕಾ,

ಮೊದಲು ಕೂತುಕೋ. ಏಳು ತಿಂಗಳ ಹೊಟ್ಟೆ ಹೊತ್ತು, ಒಂದು ಕೈಯಲ್ಲಿ ಸೌಟು ಹಿಡಿದು ನಿಂತೇ ಓದುವ ಕಾಗದ ಅಲ್ಲ ಇದು. ನೋಡು, ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಅಂಟಿಕೊಂಡ ಚಾಳಿ ಇದೇ. ಏನು ಹೇಳುವುದಿದ್ದರೂ ಮೊದಲು ಒಂದು ಎಚ್ಚರಿಕೆ ಬರೆದುಬಿಡುತ್ತೇನೆ.

ಭಾವ ಹಡಗಿನ ಕೆಲಸಕ್ಕೆ ಹೊರಟ ದಿನ, ನಾನು ಬಂದು ನಿನ್ನ ಜೊತೆ ಇರುತ್ತೇನೆ ಎಂದು ಫೋನಿನಲ್ಲಿ ಗೋಗರೆದಿದ್ದೆ. ನೀನು ಏನಂದೆ? 'ಕೆಲಸ ಖಾಯಂ ಆಗೋವರೆಗೂ ಈ ಕಡೆ ತಲೆ ಹಾಕ್ಬೇಡ. ನಂಗೆ ಯಾರೂ ಬೇಡ, ಎಲ್ಲಾ ನಾನೇ ನೋಡ್ಕೋತೀನಿ.' ಅಮ್ಮ ಹೋದ ಮೇಲೆ ನನಗೆ ಜಡೆ ಹಾಕುವುದರಿಂದ ಹಿಡಿದು ಕಾಲೇಜಿಗೆ ಸೇರಿಸುವವರೆಗೆ ಎಲ್ಲವನ್ನೂ ನೋಡಿಕೊಂಡವಳು ನೀನು. ನಿನಗೆ ಎದುರು ಮಾತಾಡುವುದುಂಟೇ? ಅಂದಿನಿಂದ ಈ ಕೆಲಸ ಖಾಯಂ ಆಗುವುದೆಂದರೆ ನನಗೆ ನಿನ್ನ ಮನೆಯ ಬಾಗಿಲು ತೆರೆದ ಹಾಗೆ. ಆಗದಿದ್ದರೆ ಯಾವ ಮುಖ ಇಟ್ಟುಕೊಂಡು ಬರಲಿ?

ನಾನೇನು ಕೆಲಸ ಮಾಡುತ್ತೇನೆಂದು ಪ್ರತಿ ಸಲ ಕೇಳುತ್ತೀಯ, ಪ್ರತಿ ಸಲ ಮರೆಯುತ್ತೀಯ. ಇನ್ನೊಮ್ಮೆ ಹೇಳುತ್ತೇನೆ, ಕೇಳು. ನಮ್ಮ ಕಾರ್ಖಾನೆಯಲ್ಲಿ ಮಕ್ಕಳ ತೊಟ್ಟಿಲು ಮಾಡುತ್ತಾರೆ. ಹೆಸರಿಗೆ ತೊಟ್ಟಿಲು, ತೂಗುವುದಿಲ್ಲ. ಸುತ್ತ ಕಟಕಟೆ ಇರುವ ನಾಲ್ಕು ಕಾಲಿನ ಪುಟ್ಟ ಮಂಚ. ಅದು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಅದನ್ನು ಜೋಡಿಸುವುದು ಹೇಗೆಂದು ತಿಳಿಸುವ ಕೈಪಿಡಿ ಬರೆಯುವವಳು ನಾನು. 'ಅಯ್ಯೋ, ಅದನ್ನೂ ಯಾರಾದ್ರೂ ಬರೀತಾರಾ? ಪೆಟ್ಟಿಗೆ ಜೊತೇಲೇ ಹುಟ್ಟುತ್ತೆ ಅಂದ್ಕೊಂಡಿದ್ದೆ' ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಸಾಹಿತ್ಯ ಓದಿದ ಸೊಕ್ಕಿನಲ್ಲಿ ನಾನು ಬರೆದ ಮೊದಲ ಸಾಲು ಕೇಳು: 'ಮುದ್ದು ಕಂದನ ಕನಸುಗಳಿಗೆ ಮರದ ಮಡಿಲೊಂದು ಅರಳಲಿ.' ನಮ್ಮ ಮೇಲಧಿಕಾರಿ ಯಾರು ಏನು ಬರೆದರೂ ಅರ್ಧ ಕತ್ತರಿಸಿ ಕೊಡುತ್ತಾರೆ, ಹಾಗಾಗಿ ಬೆನ್ನ ಹಿಂದೆ ಅವರು ಕತ್ತರಿ ಮೇಡಂ. ಅವರು ಕನ್ನಡಕ ಮೇಲೇರಿಸಿ ನಿಧಾನವಾಗಿ ಓದಿ, 'ಚೆನ್ನಾಗಿದೆ. ಈ ಮಡಿಲಿಗೆ ಸ್ಕ್ರೂ ಎಷ್ಟು ಬೇಕು?' ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಮಡಿಲು, ಕನಸು ಎಲ್ಲ ಬಿಟ್ಟು ನೆಲದ ಮೇಲೆ ಕೂತೆ. ಎಂಜಿನಿಯರ್ ಜೊತೆ ಸೇರಿ ತೊಟ್ಟಿಲನ್ನು ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. ಕೈ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಬರೆದೆ. ಇದಕ್ಕಿಂತ ಚೆನ್ನಾಗಿ ಯಾರು ಬರೆದಾರು ಎಂದು ಬೀಗುತ್ತಲೇ ಪರೀಕ್ಷೆಗೆ ಹೋದೆ.

ಕೆಲಸ ಖಾಯಂ ಆಗಬೇಕಾದರೆ ಪಾಸಾಗಬೇಕಾದ ಈ ಪರೀಕ್ಷೆ ಎಂದರೆ ಹೀಗೆ. ಹೊರಗಿನವರೊಬ್ಬರನ್ನು ಕರೆಸಿ, ಪೆಟ್ಟಿಗೆ ಮತ್ತು ಕೈಪಿಡಿ ಕೊಟ್ಟು ಒಂದು ಕೋಣೆಗೆ ಬಿಡುತ್ತಾರೆ. ಬರೆದವರು ಮೂಲೆಯಲ್ಲಿ ನಿಂತು ನೋಡಬೇಕು, ತುಟಿ ಪಿಟಕ್ಕೆನ್ನಬಾರದು. ಬಾಯಿಗೆ ಪ್ಲಾಸ್ಟರ್ ಬೇರೆ ಅಂಟಿಸುತ್ತಾರೆ! 'ಮನೆಮನೆಗೆ ಹೋಗಿ ವಿವರಿಸೋಕೆ ಆಗುತ್ತಾ? ಕಾಗದವೇ ಮಾತಾಡ್ಲಿ' ಎಂಬುದು ಮೇಡಂ ನಿಯಮ. ಹುಟ್ಟಿದಾಗಿನಿಂದ ಪಿಟೀಲು ಕುಯ್ಯುವ ನನ್ನ ಬಾಯಿಗೆ ಪ್ಲಾಸ್ಟರ್ ಹಾಕಿದರೆ ಹೇಗಿರುತ್ತದೆಂದು ನೀನೇ ಯೋಚಿಸು.

ಬಂದವರು ಒಬ್ಬ ತಾತ, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ತೊಟ್ಟಿಲಿನ ಕಾಲುಗಳನ್ನು ಸಲೀಸಾಗಿ ಸಿಕ್ಕಿಸಿದರು. 'ಎರಡೂ ಪಕ್ಕದ ಚೌಕಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಹಲಗೆ ಕೂರಿಸಿ' ಎಂಬಲ್ಲಿಗೆ ಬಂದರು. ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಮೊದಲಿನದು ಬೀಳುತ್ತದೆ. ಮೊಣಕಾಲು ಒತ್ತಿದರು, ಗದ್ದ ಊರಿದರು, ಕೊನೆಗೆ ಹಲಗೆ ಅವರ ತಲೆಯ ಮೇಲೇ ಕೂತಿತು. 'ಏನಮ್ಮಾ, ಬೊಂಬೆ ಥರ ನಿಂತಿದ್ದೀಯಲ್ಲ, ಬಂದು ಈ ಕಡೆ ಹಿಡಿ' ಎಂದು ಗದರಿದರು. ನಾನು ಹೋಗುವಂತಿರಲಿಲ್ಲ. 'ಇದನ್ನ ಬರೆದೋರಿಗೆ ನಾಲ್ಕು ಕೈ ಇರಬೇಕು' ಎಂದು ನೆಲದ ಮೇಲೆ ಕೂತುಬಿಟ್ಟರು.

ಹೌದಲ್ಲ ಅಕ್ಕಾ, ನಾಲ್ಕು ಕೈ ಇದ್ದವು! ನಾನು ಜೋಡಿಸುವಾಗಲೆಲ್ಲ ಎಂಜಿನಿಯರ್ ಆ ಕಡೆ ಹಿಡಿದಿರುತ್ತಿದ್ದ. ಎಷ್ಟು ಸದ್ದಿಲ್ಲದೆ ಹಿಡಿದಿದ್ದನೆಂದರೆ, ನಾನೊಬ್ಬಳೇ ಮಾಡಿದೆ ಎಂದುಕೊಂಡು ಹಾಗೆಯೇ ಬರೆದಿದ್ದೆ.

ಮೇಡಂ ಬೈಯಲಿಲ್ಲ. ಇನ್ನೊಂದು ಅವಕಾಶ ಇದೆ, ಅದೇ ಕೊನೆಯದು ಎಂದಷ್ಟೇ ಹೇಳಿದರು. ಮನೆಗೆ ಬಂದು ಚೆನ್ನಾಗಿ ಅತ್ತೆ. ಕೆಲಸ ಹೋಗುತ್ತದೆಂಬ ಭಯ ಇತ್ತು, ನಿಜ. ಆದರೆ ಅಳು ಬಂದದ್ದು ನಿನ್ನನ್ನು ನೆನೆದು. ಇಷ್ಟು ವರ್ಷ ನೀನು ಆ ಕಡೆ ಹಿಡಿದು ನಿಂತಿದ್ದೆ, ನಾನು ನನ್ನ ಕಾಲ ಮೇಲೆ ನಿಂತಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಮುಖ ತೊಳೆದು ಬರೆಯಲು ಕೂತೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: 'ಈ ಕೆಲಸಕ್ಕೆ ಇಬ್ಬರು ಬೇಕು. ಮೊದಲು ಇನ್ನೊಬ್ಬರನ್ನು ಕರೆಯಿರಿ.'

ನಿನ್ನೆ ಮತ್ತೆ ಪರೀಕ್ಷೆ. ಸೋತು ಮನೆಯಲ್ಲಿ ಕೂರುವ ಜಾಯಮಾನ ತನ್ನದಲ್ಲ ಎಂದು ಅದೇ ತಾತ ಹಟ ಹಿಡಿದು ಬಂದಿದ್ದರು. ಮೊದಲ ಸಾಲು ಓದಿದವರೇ ಕೈಪಿಡಿ ಕೆಳಗಿಟ್ಟು ಹೊರಟೇಹೋದರು. ಕೆಲಸ ಹೋಯಿತು ಎಂದುಕೊಂಡೆ. ನೋಡಿದರೆ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಯನ್ನು ಕರೆತಂದರು! ಆಕೆ ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದರಲ್ಲಿ ಕೈಪಿಡಿ ಹಿಡಿದು, 'ಅದಲ್ಲ, ಆ ಹಲಗೆ. ಬಸ್ಸು ಹೇಗೆ ಓಡಿಸಿದ್ರೋ ದೇವರಿಗೇ ಗೊತ್ತು' ಎನ್ನುತ್ತ ಜೋರಾಗಿ ಓದಿದರು. ಜಗಳ ಮುಗಿಯುವಷ್ಟರಲ್ಲಿ ತೊಟ್ಟಿಲು ಎದ್ದು ನಿಂತಿತ್ತು. ತಾತ ಅಲುಗಾಡಿಸಿ ನೋಡಿ, 'ಮೊಮ್ಮಗು ಏನು, ನಾನೇ ಮಲಗ್ಬಹುದು' ಎಂದರು.

ಮೇಡಂ ಬಂದು ತಾವೇ ನನ್ನ ಪ್ಲಾಸ್ಟರ್ ಕಿತ್ತರು. 'ಖಾಯಂ. ಈಗ ಮಾತಾಡು' ಎಂದರು. ಏನು ಮಾಡಿದರೂ ಮಾತೇ ಹೊರಡಲಿಲ್ಲ ಅಕ್ಕಾ, ನಂಬುತ್ತೀಯಾ?

ಖಾಯಂ ಆದವರಿಗೆ ಒಂದು ತೊಟ್ಟಿಲು ಉಡುಗೊರೆ. ಈ ಕಾಗದದ ಜೊತೆ ಬಂದಿರುವ ದೊಡ್ಡ ಪೆಟ್ಟಿಗೆ ಅದೇ. ಕೈಪಿಡಿ ಮೇಲೇ ಇದೆ. ದಯವಿಟ್ಟು ಮೊದಲ ಸಾಲು ಓದು, ಓದಿದ ಹಾಗೆ ಮಾಡು.

ನಿನ್ನ,
ಪಿಟೀಲು

ಮರೆತಿದ್ದೆ: ಪೆಟ್ಟಿಗೆಯಲ್ಲಿ ಸ್ಕ್ರೂಗಳ ಪೊಟ್ಟಣ ಹುಡುಕಬೇಡ. ಮೊದಲ ಸಾಲು ಓದಿಯೂ 'ನಂಗೆ ಯಾರೂ ಬೇಡ' ಎಂದು ತೋಳೇರಿಸಿ ಒಬ್ಬಳೇ ಶುರು ಹಚ್ಚಿಕೊಳ್ಳುವವಳು ನೀನು ಎಂದು ನನಗೆ ಗೊತ್ತಿಲ್ಲವೇ? ಅದಕ್ಕೇ ಪೊಟ್ಟಣವನ್ನು ತೆಗೆದು ನನ್ನ ಚೀಲದಲ್ಲಿಟ್ಟುಕೊಂಡಿದ್ದೇನೆ. ಅದು ಶನಿವಾರ ಬೆಳಗಿನ ಬಸ್ಸಿಗೆ ನನ್ನ ಜೊತೆ ಬರುತ್ತದೆ.