ಭಾವನಿಗೆ ತೋರಿಸಿದ ಕೆರೆ

ಮೇ ೨೩, ಶನಿವಾರ. ಗುಡ್ಡದ ಮೇಲೆ, ಟೆಂಟಿನೊಳಗೆ.

ಬೆಳಗಿನಿಂದ ಆಲಿಕಲ್ಲು ಮಳೆ. ಸಾಕ್ಸ್ ಹಿಂಡಿದರೆ ಕಪ್ಪು ನೀರು. ಆದರೂ ಒಳಗೊಳಗೇ ಖುಷಿ, ಫರ್ಕರ್ ಭಾವ ನನಗಿಂತ ಹೆಚ್ಚು ನೆನೆದಿದ್ದಾನೆ.

ಅಪ್ಪ ಸಾಯುವ ಮೊದಲು ತನ್ನ ಟ್ರೌಟ್ ಮೀನಿನ ಕೆರೆಯನ್ನು ನನಗೊಬ್ಬಳಿಗೇ ತೋರಿಸಿದ್ದ. ಹೋದ ವರ್ಷ ದಡ್ಡಿಯ ಹಾಗೆ ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬಾಯಿ ಬಿಡಲ್ಲ ಎಂದು ಆಣೆ ಹಾಕಿದವನು ವಾರದೊಳಗೆ ಊರಿನ ಬಾರಿನಲ್ಲಿ ಎಲ್ಲರಿಗೂ ಹೇಳಿದ್ದ. ಈಗ ದೂರದ ಇನ್ವರ್ನೆಸ್ ಪಟ್ಟಣದಿಂದಲೂ ಜನ ಬರುತ್ತಾರೆ. ಅಪ್ಪ ಕೂರುತ್ತಿದ್ದ ಬಂಡೆಯ ಮೇಲೆ ಬಿಯರ್ ಡಬ್ಬಿಗಳು.

ಅದಕ್ಕೇ ಈ ಸಲ, "ಇನ್ನೂ ಒಳ್ಳೆ ಕೆರೆ ಇದೆ ಭಾವ" ಎಂದು ಇಲ್ಲಿಗೆ ಹತ್ತಿಸಿದೆ. ಈ ನೀರಿನಲ್ಲಿ ಒಂದೇ ಒಂದು ಮೀನಿಲ್ಲ, ಯಾವತ್ತೂ ಇರಲಿಲ್ಲ. ಎರಡು ದಿನ ಗಾಳಿಗೆ ಮುಖ ಕೊಟ್ಟು ನಿಂತು ಗಾಳ ಎಸೆದ. ನಾನು ಚಹಾ ಕುಡಿಯುತ್ತ ನೋಡಿದೆ.

ಸಂಜೆ ತಣ್ಣನೆಯ ಬೀನ್ಸ್ ತಿನ್ನುತ್ತ ಕೇಳಿದ: "ಊನಾ, ಖಾಲಿ ಕೈಲಿ ಹೋದ್ರೆ ಬಾರಲ್ಲಿ ಮಾನ ಹೋಗುತ್ತೆ ಕಣೇ. ಒಂದು ಡಜನ್ ಸಿಕ್ತು, ವಾಪಸ್ ನೀರಿಗೆ ಬಿಟ್ವಿ ಅನ್ನೋಣ್ವಾ?"

ಇದು ನನಗೆ ಹೊಳೆದೇ ಇರಲಿಲ್ಲ. ಅವನನ್ನು ಮಳೆಯಲ್ಲಿ ನೆನೆಸಿದರೆ ಸಾಕು ಅಂದುಕೊಂಡಿದ್ದೆ. ಡಜನ್ ಅಂದರೆ ಮುಂದಿನ ವಾರ ಇಡೀ ಬಾರೇ ಈ ಗುಡ್ಡ ಹತ್ತುತ್ತದೆ. ಅಪ್ಪನ ಬಂಡೆ ಖಾಲಿಯಾಗುತ್ತದೆ.

"ಎರಡು ಡಜನ್ ಅಂತಲೇ ಅನ್ನಿ ಭಾವ," ಅಂದೆ. "ಆದ್ರೆ ಕೆರೆ ಎಲ್ಲಿದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ," ಎಂದು ಮುಖ ಊದಿಸಿಕೊಂಡ.

ಈಗ ಗೊರಕೆ. ಟೆಂಟು ಸೋರುತ್ತಿದೆ, ಅವನ ಕಡೆ ಮಾತ್ರ. ಎಬ್ಬಿಸುವುದಿಲ್ಲ.