ಅಗಸೆ ಎಣ್ಣೆಗೆ ಒಂದು ಮೂಗು

ಮಾರ್ಚ್ 3, ಸೋಮವಾರ, ಬೆಳಗ್ಗೆ

ಸೋಪು ಮೂಸಿದೆ. ಏನಿಲ್ಲ. ಈರುಳ್ಳಿ — ಕಣ್ಣಲ್ಲಿ ನೀರು ಬಂತು, ಮೂಗಿಗೆ ಏನೂ ಇಲ್ಲ. ಜ್ವರ ಬಿಟ್ಟು ಎರಡು ವಾರವಾಯಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ಮನೆಯವರಿಗೆ ತಮಾಷೆ. "ಒಳ್ಳೇದೇ ಆಯ್ತು ಬಿಡೇ, ಇನ್ನು ನನ್ನ ಸಾಕ್ಸ್ ಬಗ್ಗೆ ರಗಳೆ ಇಲ್ಲ." ಅವರಿಗೇನು! ಎಣ್ಣೆ ಮಿಲ್ಲಿನಲ್ಲಿ ನನ್ನ ಕೆಲಸವೇ ಮೂಸುವುದು. ನಾನು ಹೂಂ ಅಂದಮೇಲೇ ಡ್ರಮ್ಮಿನ ಎಣ್ಣೆ ಬಾಟಲಿಗೆ.

ಮಾರ್ಚ್ 4

ಸೂರ್ಯಕಾಂತಿ, ಎಳ್ಳು, ಅಕ್ರೋಟು — ಎಲ್ಲಕ್ಕೂ ಸುಮ್ಮನೆ ಹೂಂ ಅಂದೆ. ಲೇಬಲ್ ಮೇಲೆ ದೊಡ್ಡದಾಗಿ 'ಅನ್‌ಸ್ಯಾಚುರೇಟೆಡ್ ಫ್ಯಾಟ್, ಹೃದಯಕ್ಕೆ ಹಿತ'. ಹಿತವೇನೋ ಸರಿ, ಬೇಗ ಕೆಡುವುದೂ ಇವೇ. ಗಾಳಿ, ಬಿಸಿಲು ತಾಗಿದರೆ ಕಮಟು. ಅದರಲ್ಲೂ ಅಗಸೆ ಎಣ್ಣೆ ಮಹಾ ಮುಂಗೋಪಿ.

ಮಾಲೀಕರು ನಕ್ಕರು. "ನಿಮ್ಮ ಮೂಗಿರೋವರೆಗೂ ನಂಗೆ ಚಿಂತೆ ಇಲ್ಲಮ್ಮ." ಮುಖ ತಿರುಗಿಸಿಕೊಂಡೆ.

ಮಾರ್ಚ್ 9, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ಶುಕ್ರವಾರ ಅಗಸೆ ಡ್ರಮ್ಮಿಗೂ ಹೂಂ ಅಂದುಬಿಟ್ಟೆ. ಅದರದೇ ಒಂದು ಬಾಟಲಿ ಅಮ್ಮನಿಗೆ ತಂದೆ. ಡಾಕ್ಟರು ಹೇಳಿದಾಗಿನಿಂದ ದಿನಾ ಒಂದು ಚಮಚ ಕುಡಿಯುತ್ತಾಳೆ. ಇವತ್ತು ಮುಖ ಕಿವುಚಿದಳು.

"ಯಾಕಮ್ಮ, ಕಹೀನಾ?"

"ಏನೋಮ್ಮ, ಬಾಗಿಲಿಗೆ ಬಳಿಯೋ ಪೇಂಟ್ ಥರ ಇದೆ. ನಿನ್ನೇನೂ ಹಂಗೇ ಇತ್ತು."

"ಮತ್ಯಾಕೆ ಕುಡಿದೆ?"

"ನೀನು ಮೂಸಿ ತಂದಿದ್ದಲ್ವಾ. ನನ್ನ ನಾಲಿಗೇನೇ ಕೆಟ್ಟಿರ್ಬೇಕು ಅಂದ್ಕೊಂಡೆ."

ಬಾಟಲಿ ಕಿತ್ತುಕೊಂಡು ಸಿಂಕಿಗೆ ಸುರಿದೆ. ಅಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅದೇ ದಿನ, ಸಂಜೆ

ನಾಳೆ ಬೆಳಗ್ಗೆಯೇ ಲಾರಿ. ಆ ಡ್ರಮ್ಮಿನ ಬಾಟಲಿಗಳೆಲ್ಲ ಅಂಗಡಿಗಳಿಗೆ ಹೋಗುತ್ತವೆ. ಎಷ್ಟು ಮನೆಯ ಅಮ್ಮಂದಿರು ತಮ್ಮ ನಾಲಿಗೆಯನ್ನೇ ಬೈದುಕೊಳ್ಳುತ್ತಾರೋ… ಹೇಳಿದರೆ ಕೆಲಸ ಹೋಗುತ್ತದೆ. ವಾಸನೆ ಬಾರದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಡುಗೆಮನೆ, ಹಾಲ್, ಮತ್ತೆ ಅಡುಗೆಮನೆ. ಲವಂಗ ಮೂಸಿದೆ. ಸೀಮೆಎಣ್ಣೆ ಮೂಸಿದೆ. ದರಿದ್ರ ಮೂಗು!

ಮನೆಯವರಿಗೆ ಎಲ್ಲ ಹೇಳಿದೆ. ತಮಾಷೆ ಮಾಡಲಿಲ್ಲ. ಫೋನ್ ಕೈಗಿಟ್ಟರು. "ಮಾಲೀಕರಿಗೆ ಮಾಡು. ಆಮೇಲಿಂದು ಆಮೇಲೆ ನೋಡ್ಕೊಳ್ಳೋಣ."

ಸ್ಪೀಕರ್ ಹಾಕಿ ಇಟ್ಟಿದ್ದೇನೆ. ಡೈರಿ ಬರೆಯುತ್ತಲೇ ಇದ್ದೇನೆ. ರಿಂಗ್ ಆಗುತ್ತಿದೆ. ಎತ್ತಬೇಡಿ ಸಾರ್, ದಯವಿಟ್ಟು ಎತ್ತಬೇಡಿ… ಎತ್ತಿದರು.

"ಹೇಳಮ್ಮ."

"ಸಾರ್, ನಾಳೆ ಲಾರಿ ನಿಲ್ಸಿ. ನಂಗೆ—"